ತ್ರಾಕಾಯ್ ಕೋಟೆಯ ವಯಸ್ಸೆಷ್ಟು?

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಿಂದ ಪಶ್ಚಿಮಕ್ಕೆ ಸುಮಾರು 28 ಕಿಲೋಮೀಟರ್ ಹೋದರೆ ತ್ರಾಕಾಯ್ ಎಂಬ ಸಣ್ಣ ಊರು ಸಿಗುತ್ತದೆ. ಸರೋವರಗಳ ನಡುವೆ ನಾಲಗೆಯಂತೆ ಚಾಚಿಕೊಂಡ ನೆಲ, ಅದರ ಉದ್ದಕ್ಕೂ ಒಂದು ಬೀದಿ, ಬೀದಿಯ ಬದಿಯಲ್ಲಿ ಬಣ್ಣ ಬಳಿದ ಮರದ ಮನೆಗಳು. ಇಲ್ಲಿಯದು ನಮ್ಮ ಕೆರೆಗಳಂತೆ ಏರಿ ಕಟ್ಟಿ ನಿಲ್ಲಿಸಿದ ನೀರಲ್ಲ. ಹಿಮಯುಗದ ಹಿಮರಾಶಿ ಹಿಂದೆ ಸರಿಯುವಾಗ ಕೊರೆದು ಬಿಟ್ಟ ತಗ್ಗುಗಳಲ್ಲಿ ತಾನಾಗಿ ತುಂಬಿಕೊಂಡ ನೀರು. ಇವುಗಳಲ್ಲಿ ದೊಡ್ಡದಾದ ಗಾಲ್ವೆ ಸರೋವರದಲ್ಲಿ 21 ನಡುಗಡ್ಡೆಗಳಿವೆ. ಅಂಥ ಒಂದು ನಡುಗಡ್ಡೆಯ ಮೇಲೆ ಕೆಂಪು ಇಟ್ಟಿಗೆಯ ಕೋಟೆ ನಿಂತಿದೆ. ಬಂದವರು ಮರದ ಕಾಲುಸೇತುವೆ ದಾಟಿ ಒಳಗೆ ಹೋಗುತ್ತಾರೆ, ಎತ್ತರದ ಬುರುಜನ್ನು ನೋಡುತ್ತಾರೆ, ಆರು ನೂರು ವರ್ಷ ಹಳೆಯದೆಂದು ಓದಿಕೊಂಡು ಹಿಂದಿರುಗುತ್ತಾರೆ. ಆ ಆರು ನೂರು ವರ್ಷದ ಮಾತು ಅರ್ಧ ನಿಜ. ಗೋಡೆಯ ಬುಡ, ಕಾಡುಕಲ್ಲಿನ ಕೆಲವು ಭಾಗ, ಅಲ್ಲಲ್ಲಿ ಉಳಿದಿದ್ದ ಇಟ್ಟಿಗೆಯ ಮೈ ಹಳೆಯದು. ಮೇಲಿನ ಬಹುಪಾಲು ಇಟ್ಟಿಗೆ, ಹೆಂಚಿನ ಚಾವಣಿ, ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವ ಆ ಚೂಪು ಆಕಾರ 20ನೇ ಶತಮಾನದ್ದು. ಹಾಗಾದರೆ ಈ ಕೋಟೆ ಅಸಲಿಯೋ ನಕಲಿಯೋ ಎಂದು ಕೇಳುವುದು ಸಹಜ. ಆ ಪ್ರಶ್ನೆಯಿಂದ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ವಾದ. ಯಾರು ಯಾವಾಗ ಏನನ್ನು ಮತ್ತೆ ಕಟ್ಟಿದರು, ಏನನ್ನು ಕಟ್ಟದೆ ಬಿಟ್ಟರು ಎಂದು ಕೇಳಿದರೆ ಮಾತ್ರ ತ್ರಾಕಾಯ್ ಬಾಯಿಬಿಡುತ್ತದೆ.

ಮೊದಲು ಕೋಟೆ ಬಂದದ್ದು ಯಾಕೆ ಎಂಬುದನ್ನು ನೋಡೋಣ. 14ನೇ ಶತಮಾನದಲ್ಲಿ ಲಿಥುವೇನಿಯನ್ನರು ಯೂರೋಪಿನಲ್ಲಿ ಕ್ರೈಸ್ತರಾಗದೆ ಉಳಿದಿದ್ದ ಕೊನೆಯ ದೊಡ್ಡ ರಾಜ್ಯದವರು. ಪಶ್ಚಿಮದಲ್ಲಿ ಪ್ರಷ್ಯಾವನ್ನು ಹಿಡಿದಿದ್ದ ಟ್ಯೂಟಾನಿಕ್ ಧರ್ಮಯೋಧರ ಸಂಘಕ್ಕೆ ಇದೇ ದಾಳಿಗೆ ನೆಪ. ಮಹಾಡ್ಯೂಕ್ ಗೆದಿಮಿನಾಸ್‌ನ ಮಕ್ಕಳಲ್ಲಿ ಅಲ್ಗಿರ್ದಾಸ್ ವಿಲ್ನಿಯಸ್‌ನಲ್ಲಿ ಕೂತು ಪೂರ್ವದ ಕಡೆ ನೋಡಿಕೊಂಡ. ಕೆಸ್ತುತಿಸ್ ತ್ರಾಕಾಯ್‌ನಲ್ಲಿ ಕೂತು ಪಶ್ಚಿಮದ ಟ್ಯೂಟಾನಿಕ್ ಪಡೆಗಳನ್ನು ತಡೆದ. ಅಣ್ಣತಮ್ಮಂದಿರು ಹೀಗೆ ದಿಕ್ಕು ಹಂಚಿಕೊಂಡು ಹೊಂದಿಕೊಂಡು ಬಾಳಿದ್ದು ಅಪರೂಪದ ಸಂಗತಿ. ಅವರ ಮಕ್ಕಳ ಕಾಲಕ್ಕೆ ಅದು ಮುರಿಯಿತು. ಊರಿನ ಹೆಸರಿನ ಮೂಲ ಕಾಡು ಕಡಿದು ಮಾಡಿದ ಬಯಲು ಎಂಬ ಅರ್ಥದ ಪದ. ಆ ಬಯಲಿನ ತುದಿಯಲ್ಲಿ, ನೆಲ ನೀರಿಗೆ ಚಾಚಿರುವ ಕಡೆ ಕೆಸ್ತುತಿಸ್ ಒಂದು ಕೋಟೆ ಕಟ್ಟಿದ. ನಡುಗಡ್ಡೆಯ ಮೇಲೆ ಇನ್ನೊಂದನ್ನು ಆರಂಭಿಸಿದ. ಬೆಟ್ಟವಿಲ್ಲದ ಸೀಮೆಯಲ್ಲಿ ನೀರೇ ಬೆಟ್ಟ. 1377ರಲ್ಲಿ ಅಲ್ಗಿರ್ದಾಸ್ ತೀರಿಕೊಂಡ ಮೇಲೆ ಅವನ ಮಗ ಯೊಗಾಯ್ಲಾ ಪಟ್ಟಕ್ಕೆ ಬಂದು, 1380ರಲ್ಲಿ ಟ್ಯೂಟಾನಿಕ್ ಸಂಘದೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ. ವಿಷಯ ತಿಳಿದ ಚಿಕ್ಕಪ್ಪ ಕೆಸ್ತುತಿಸ್ ಮಾರನೆಯ ವರ್ಷ ವಿಲ್ನಿಯಸ್‌ ಅನ್ನೇ ವಶಪಡಿಸಿಕೊಂಡ. 1382ರಲ್ಲಿ ಮಾತುಕತೆಗೆಂದು ಕರೆಸಿ ಅವನನ್ನೂ ಅವನ ಮಗ ವೀತೌತಾಸ್‌ನನ್ನೂ ಸೆರೆ ಹಿಡಿದರು. ಕೆಸ್ತುತಿಸ್ ಕ್ರೇವಾ ಕೋಟೆಯ ಸೆರೆಯಲ್ಲಿ ಹೆಣವಾಗಿ ಸಿಕ್ಕ. ವೀತೌತಾಸ್ ಹೆಣ್ಣಾಳಿನ ಉಡುಪು ತೊಟ್ಟು ಪಾರಾದ. ತಪ್ಪಿಸಿಕೊಂಡು ಹೋಗಿ ಆಶ್ರಯ ಬೇಡಿದ್ದು ತಂದೆಯ ಹಗೆಗಳಾದ ಅದೇ ಟ್ಯೂಟಾನಿಕ್ ಸಂಘದವರ ಬಳಿ. ಇಂದು ಲಿಥುವೇನಿಯಾದ ರಾಷ್ಟ್ರಪುರುಷನೆನಿಸಿದವನು ತನ್ನ ಊರಿನ ಕೋಟೆಗೆ ಶತ್ರುಗಳ ಜೊತೆ ಸೇರಿ ಮುತ್ತಿಗೆ ಹಾಕಿದ್ದನೆಂಬುದನ್ನು ನೆನಪಿಡಬೇಕು. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

1392ರಲ್ಲಿ ದಾಯಾದಿಗಳು ರಾಜಿಯಾದರು. ಅಷ್ಟರೊಳಗೆ ಕ್ರೈಸ್ತನಾಗಿ ಪೋಲೆಂಡಿನ ರಾಜನಾಗಿದ್ದ ಯೊಗಾಯ್ಲಾ, ಲಿಥುವೇನಿಯಾವನ್ನು ವೀತೌತಾಸ್‌ನ ಕೈಗೆ ಬಿಟ್ಟ. ನಡುಗಡ್ಡೆಯ ಕೋಟೆ ಪೂರ್ತಿಯಾದದ್ದು ವೀತೌತಾಸ್‌ನ ಕಾಲದಲ್ಲಿ, 1409ರ ಸುಮಾರಿಗೆ. ಊರಿಗೆ ಸ್ವಂತ ಆಡಳಿತದ ಹಕ್ಕು, ಹೊಸ ಇಗರ್ಜಿ ಎಲ್ಲ ಬಂದದ್ದೂ ಆಗಲೇ. ಮಾರನೆಯ ವರ್ಷ, 1410ರಲ್ಲಿ, ಲಿಥುವೇನಿಯನ್ನರು ಜಾಲ್ಗಿರಿಸ್ ಎಂದೂ ಪೋಲಿಷರು ಗ್ರುನ್‌ವಾಲ್ಡ್ ಎಂದೂ ಕರೆಯುವ ಕಾಳಗದಲ್ಲಿ ದಾಯಾದಿಗಳಿಬ್ಬರೂ ಸೇರಿ ಟ್ಯೂಟಾನಿಕ್ ಸಂಘದ ಬೆನ್ನು ಮುರಿದರು. ಯಾವ ಶತ್ರುವಿಗಾಗಿ ನೀರಿನ ನಡುವೆ ಇಷ್ಟು ದಪ್ಪ ಗೋಡೆ ಎಬ್ಬಿಸಿದರೋ ಆ ಶತ್ರು ಮತ್ತೆ ಈ ಕಡೆ ತಲೆಯೆತ್ತಿ ಬರಲಿಲ್ಲ. ಕೆಲಸ ಮುಗಿದ ಮರುವರ್ಷವೇ ಕೋಟೆಗೆ ಕೆಲಸವಿಲ್ಲದಂತಾಯಿತು ಎಂದರೆ ಹೆಚ್ಚೇನೂ ತಪ್ಪಾಗದು. ಅಲ್ಲಿಂದ ಮುಂದೆ ಅದು ಅರಮನೆ. ಬರ್ಗಂಡಿ ದೊರೆಗಳ ಸೇವೆಯಲ್ಲಿದ್ದ ಪ್ರವಾಸಿ ಗಿಲ್ಬೇರ್ ದ ಲಾನ್ವಾ 1414ರಲ್ಲಿ ಇಲ್ಲಿಗೆ ಬಂದವನು ಎರಡು ಕೋಟೆಗಳನ್ನೂ, ಅವುಗಳಲ್ಲಿ ಒಂದು ಸರೋವರದ ನಡುವೆ ಇಟ್ಟಿಗೆಯಲ್ಲಿ ಕಟ್ಟಿದ್ದೆಂಬುದನ್ನೂ ಬರೆದಿಟ್ಟ. ಊರಿನಲ್ಲಿ ಜರ್ಮನ್ನರು, ಲಿಥುವೇನಿಯನ್ನರು, ರಷ್ಯನ್ನರು, ಯಹೂದಿಗಳು, ತಾತಾರರು ಇದ್ದಾರೆಂದೂ ಗುರುತು ಹಾಕಿಕೊಂಡ. ಗೋಡೆಗಿಂತ ಆ ಜನರ ಪಟ್ಟಿಯೇ ಮುಖ್ಯ. ಅದಕ್ಕೆ ಮತ್ತೆ ಬರುತ್ತೇನೆ.

ವೀತೌತಾಸ್‌ನ ಕೊನೆಯ ದಿನಗಳಲ್ಲಿ ಒಂದು ಬಗೆಯ ದುರಂತವಿದೆ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಮಹಾಡ್ಯೂಕ್ ಪದವಿ ಸಾಲದೆ ರಾಜನೆನಿಸಬೇಕೆಂಬ ಆಸೆ. ಹಂಗೆರಿಯ ದೊರೆ, ಲಕ್ಸೆಂಬರ್ಗ್ ವಂಶದ ಸಿಗಿಸ್ಮಂಡ್ ಕಿರೀಟ ಕಳಿಸಲು ಒಪ್ಪಿದ. 1430ರಲ್ಲಿ ವಿಲ್ನಿಯಸ್‌ನಲ್ಲಿ ಪಟ್ಟಾಭಿಷೇಕಕ್ಕೆ ನೆಂಟರು, ಅತಿಥಿಗಳು ಸೇರಿದ್ದರು. ಕಿರೀಟ ಬರಲಿಲ್ಲ. ಲಿಥುವೇನಿಯಾ ಬೇರೆ ರಾಜ್ಯವಾಗುವುದು ಇಷ್ಟವಿರದ ಪೋಲೆಂಡಿನ ಸರದಾರರು ದೂತರನ್ನು ದಾರಿಯಲ್ಲೇ ತಡೆದರು. ಆ ಶರತ್ಕಾಲದಲ್ಲಿ ಕುದುರೆಯಿಂದ ಬಿದ್ದ ಮುದುಕ ಅಕ್ಟೋಬರ್ 27ರಂದು ತ್ರಾಕಾಯ್‌ನಲ್ಲಿ ಕಣ್ಣುಮುಚ್ಚಿದ. ಹತ್ತು ವರ್ಷದ ನಂತರ ಅವನ ತಮ್ಮ, ಆಗ ಆಳುತ್ತಿದ್ದ ಝಿಗಿಮಂತಾಸ್, ಇದೇ ಊರಿನಲ್ಲಿ ಪಿತೂರಿಗಾರರ ಕೈಯಲ್ಲಿ ಕೊಲೆಯಾದ. ಆಮೇಲೆ ಆಳುವವರ ಮನಸ್ಸು ವಿಲ್ನಿಯಸ್ ಕಡೆಗೂ, ಅದಕ್ಕಿಂತ ಹೆಚ್ಚಾಗಿ ಪೋಲೆಂಡಿನ ಕ್ರಾಕೋವ್ ಕಡೆಗೂ ಹರಿಯಿತು. ಕೋಟೆಯಲ್ಲಿ ರಾಜ್ಯದ ದಫ್ತರ ಇತ್ತು. 1511ರಲ್ಲಿ ಅದೂ ವಿಲ್ನಿಯಸ್‌ಗೆ ಹೋಯಿತು. ದೊಡ್ಡ ಮನೆತನದ ಕೈದಿಗಳನ್ನಿಡುವ ಸೆರೆಮನೆಯಾಗಿ ಕೆಲಕಾಲ ಉಳಿದು, 1655ರಲ್ಲಿ ಮಾಸ್ಕೋ ಸೈನ್ಯ ನುಗ್ಗಿದಾಗ ಹಾಳಾಯಿತು. ಯಾರೂ ದುರಸ್ತಿ ಮಾಡುವ ಗೋಜಿಗೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. 1409ರಿಂದ 1655ರವರೆಗೆ ಕೋಟೆ ನಿಂತಿದ್ದು 246 ವರ್ಷ. 1655ರಿಂದ, ಮರುಕಟ್ಟುವ ಕೆಲಸ ಹಿಡಿದ 1929ರವರೆಗೆ ಅದು ಪಾಳುಬಿದ್ದಿದ್ದು 274 ವರ್ಷ. ಅಂದರೆ ತ್ರಾಕಾಯ್ ಕೋಟೆಯ ಆಯುಸ್ಸಿನಲ್ಲಿ ಅತಿ ದೀರ್ಘ ಅವಸ್ಥೆ ಪಾಳು. ಹಲವು ತಲೆಮಾರುಗಳಿಗೆ ತ್ರಾಕಾಯ್ ಎಂದರೆ ಮುರಿದ ಗೋಡೆ, ಗೋಡೆಯ ಸಂದಿಯಲ್ಲಿ ಬೆಳೆದ ಮರ, ಸುತ್ತ ನೀರು. 19ನೇ ಶತಮಾನದ ಚಿತ್ರಕಾರರು ಬರೆದದ್ದೂ ಇದನ್ನೇ. ಆ ಹೊತ್ತಿಗೆ ದೇಶ ರಷ್ಯದ ತ್ಸಾರ್ ಕೈಯಲ್ಲಿತ್ತು. 1864ರಿಂದ 1904ರವರೆಗೆ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದೇ ಅಪರಾಧವಾಗಿತ್ತು. ಪುಸ್ತಕಗಳು ಗಡಿಯಾಚೆ ಅಚ್ಚಾಗಿ ಕದ್ದು ಒಳಗೆ ಬರುತ್ತಿದ್ದವು. ಓದಲು ಸ್ವಂತ ಭಾಷೆಯ ಪುಸ್ತಕ ಸಿಗದಿದ್ದವರಿಗೆ ಸರೋವರದ ನಡುವಿನ ಆ ಗೋಡೆಯೇ ಪುಸ್ತಕವಾಯಿತು. ಕಾವಲಿಗೆ ಬಾರದ ಕೋಟೆ ನೆನಪಿಗೆ ಬಂತು. ಅದರ ಎರಡನೆಯ ಉದ್ಯೋಗ ಮೊದಲನೆಯದಕ್ಕಿಂತ ಎಷ್ಟೋ ಪಾಲು ದೀರ್ಘವಾಗಿತ್ತು.

ಮರುಕಟ್ಟಿದವರು ಯಾರು? ಲಿಥುವೇನಿಯನ್ನರು ಎಂದುಕೊಂಡು ಬರುವವರಿಗೆ ಇಲ್ಲೊಂದು ಅಚ್ಚರಿ ಕಾದಿದೆ. ಮೊದಲ ಮಹಾಯುದ್ಧದ ಬಳಿಕ ಹುಟ್ಟಿದ ಸ್ವತಂತ್ರ ಲಿಥುವೇನಿಯಾಕ್ಕೆ ವಿಲ್ನಿಯಸ್ಸೂ ದಕ್ಕಲಿಲ್ಲ, ತ್ರಾಕಾಯೂ ದಕ್ಕಲಿಲ್ಲ. 1920ರಿಂದ 1939ರವರೆಗೆ ಎರಡೂ ಪೋಲೆಂಡಿನ ವಶದಲ್ಲಿದ್ದವು. 1930ರಲ್ಲಿ ವೀತೌತಾಸ್ ಸತ್ತು 500 ವರ್ಷ ತುಂಬಿದಾಗ ಕೌನಾಸ್‌ನಲ್ಲಿ ಕೂತ ಲಿಥುವೇನಿಯಾ ಸರ್ಕಾರ ಇಡೀ ವರ್ಷವನ್ನೇ ಅವನ ಹೆಸರಿಗೆ ಮುಡಿಪಿಟ್ಟಿತು. ಊರೂರಿಗೆ ಅವನ ಚಿತ್ರಪಟದ ಮೆರವಣಿಗೆ ಹೋಯಿತು. ಅವನು ಪ್ರಾಣಬಿಟ್ಟ ಊರು ಮಾತ್ರ ಮುಚ್ಚಿದ ಗಡಿಯ ಆಚೆಗಿತ್ತು. ಎರಡು ದೇಶಗಳ ನಡುವೆ ರಾಯಭಾರ ಸಂಬಂಧ ಕೂಡ 1938ರವರೆಗೆ ಇರಲಿಲ್ಲ. ಅದೇ ವರ್ಷಗಳಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಯಾನ್ ಬೊರೊವ್ಸ್ಕಿಯಂಥವರು ನಡುಗಡ್ಡೆಯ ಗೋಡೆಗಳನ್ನು ಗಟ್ಟಿಮಾಡುತ್ತಿದ್ದರು. ವೀತೌತಾಸ್ ತಮ್ಮ ಚರಿತ್ರೆಯ ಭಾಗ ಎಂದು ಪೋಲಿಷರೂ ನಂಬಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಎರಡನೆಯ ಸುತ್ತು ಇನ್ನೂ ವಿಚಿತ್ರ. 1951ರ ಹೊತ್ತಿಗೆ, ಸೋವಿಯತ್ ಆಡಳಿತ ಸಾವಿರಾರು ಲಿಥುವೇನಿಯನ್ ಕುಟುಂಬಗಳನ್ನು ಸೈಬೀರಿಯಕ್ಕೆ ಅಟ್ಟುತ್ತಿದ್ದ ದಿನಗಳಲ್ಲೇ, ಬ್ರೋನಿಯುಸ್ ಕ್ರೂಮಿನಿಸ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಅರಮನೆಯನ್ನು 15ನೇ ಶತಮಾನದ ರೂಪದಲ್ಲಿ ಎಬ್ಬಿಸುವ ಕೆಲಸ ಶುರುವಾಯಿತು. ಜಾಲ್ಗಿರಿಸ್ ಕಾಳಗ ಜರ್ಮನ್ನರ ವಿರುದ್ಧದ ಗೆಲುವು. ಹಿಟ್ಲರನನ್ನು ಸೋಲಿಸಿದ ಹೊಸದರಲ್ಲಿ ಆ ಕಥೆ ಮಾಸ್ಕೋಗೂ ಹಿತವಾಗಿದ್ದಿರಬೇಕು. ಆದರೂ 1960ರ ಸುಮಾರಿಗೆ ಸೋವಿಯತ್ ನಾಯಕ ಕ್ರುಶ್ಚೇವ್ ಸಿಟ್ಟಾದ. ಊಳಿಗಮಾನ್ಯ ಕಾಲದ ದೊರೆಗಳ ವೈಭವ ಮೆರೆಸಲು ಹಣ ಸುರಿಯುವುದೇಕೆ ಎಂಬುದು ಅವನ ಆಕ್ಷೇಪ. ಅಷ್ಟರಲ್ಲಿ ಕೆಲಸ ಮುಕ್ಕಾಲು ಮುಗಿದಿತ್ತು. 1962ರಲ್ಲಿ ಅರಮನೆಯೊಳಗೆ ಮ್ಯೂಸಿಯಂ ತೆರೆಯಿತು. ಮುಂಗೋಟೆಯ ಕೆಲಸ ಹಲವು ದಶಕ ಎಳೆಯಿತು. ಕ್ರುಶ್ಚೇವ್ ತಪ್ಪು ಗ್ರಹಿಸಿದ್ದ ಎನ್ನುವಂತಿಲ್ಲ. ಬಾವುಟ ಹಾರಿಸಲಾಗದವರು ಇಟ್ಟಿಗೆ ಜೋಡಿಸುತ್ತಿದ್ದಾರೆ ಎಂಬುದು ಅವನ ಮೂಗಿಗೆ ಸರಿಯಾಗಿಯೇ ಬಡಿದಿತ್ತು.

ಇಷ್ಟು ಹೇಳಿದ ಮೇಲೂ ಗಟ್ಟಿಯಾದ ಆಕ್ಷೇಪವೊಂದು ಉಳಿಯುತ್ತದೆ. ಪುರಾತನ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಜಗತ್ತು ಒಪ್ಪಿಕೊಂಡ ನಿಯಮಗಳ ಪೈಕಿ ಮುಖ್ಯವಾದದ್ದು 1964ರ ವೆನಿಸ್ ಸನ್ನದು. ಊಹೆ ಶುರುವಾಗುವ ಜಾಗದಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ಅದು. ಬಿದ್ದ ಕಲ್ಲನ್ನು ಅದರ ಜಾಗಕ್ಕೆ ಎತ್ತಿಡಬಹುದು, ಇಲ್ಲದ್ದನ್ನು ಹೊಸದಾಗಿ ಹುಟ್ಟಿಸಬಾರದು. ಈ ತಕ್ಕಡಿಯಲ್ಲಿ ತೂಗಿದರೆ ತ್ರಾಕಾಯ್ ಸೋಲುತ್ತದೆ. ಸನ್ನದು ಬಂದದ್ದು ಮ್ಯೂಸಿಯಂ ತೆರೆದ ಎರಡು ವರ್ಷಕ್ಕೆ ಎನ್ನುವುದು ವಕೀಲರ ಉತ್ತರ, ಅದನ್ನು ಬದಿಗಿಡೋಣ. ಯುದ್ಧದಲ್ಲಿ ನೆಲಸಮವಾಗಿ ಹೊಸದಾಗಿ ಎದ್ದ ವಾರ್ಸಾ ಹಳೆಯೂರನ್ನು ಯುನೆಸ್ಕೊ 1980ರಲ್ಲಿ, ಅದೇ ಟ್ಯೂಟಾನಿಕ್ ಸಂಘದ ಮಾಲ್ಬೋರ್ಕ್ ಕೋಟೆಯನ್ನು 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆಯಲ್ಲ ಎನ್ನುವವರಿದ್ದಾರೆ. ಆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ವಾರ್ಸಾ ಕಣ್ಣೆದುರೇ ಉರುಳಿ, ಅಲ್ಲಿ ಬದುಕಿದ್ದವರ ಕೈಯಲ್ಲೇ ಎದ್ದಿತು. ನಕ್ಷೆ, ಚಿತ್ರ, ನೆನಪು ಮೂರೂ ಅವರ ಬಳಿ ಇದ್ದವು. ತ್ರಾಕಾಯ್ ಚಾವಣಿಯನ್ನು ಕಂಡವರು ಸತ್ತು ಮೂರು ಶತಮಾನವಾಗಿತ್ತು. ಬುನಾದಿಯಿದೆ, ಗೋಡೆಯ ಎತ್ತರದ ಸುಳಿವಿದೆ, ದೊಡ್ಡ ಹಜಾರದ ಭಿತ್ತಿಚಿತ್ರಗಳ ಚೂರುಗಳನ್ನು 19ನೇ ಶತಮಾನದಲ್ಲಿ ಪ್ರತಿ ಮಾಡಿಟ್ಟದ್ದಿದೆ. ಉಳಿದದ್ದು ತಿಳಿದವರ ಊಹೆ. ಆದ್ದರಿಂದ ಈ ಕೋಟೆಯನ್ನು 15ನೇ ಶತಮಾನದ ವಾಸ್ತುವಿಗೆ ಸಾಕ್ಷಿಯಾಗಿ ನಿಲ್ಲಿಸಿದರೆ ಅದು ದುರ್ಬಲ ಸಾಕ್ಷಿ ಎಂದು ನಾನು ಒಪ್ಪುತ್ತೇನೆ. ಒಪ್ಪದಿರುವುದು, ಅಷ್ಟಕ್ಕೆ ಅದು ಸುಳ್ಳುಸಾಕ್ಷಿ ಎಂಬ ತೀರ್ಮಾನವನ್ನು. ಕ್ರುಶ್ಚೇವ್ ಕಾಲದ ಲಿಥುವೇನಿಯನ್ನರು ತಮ್ಮ ಚರಿತ್ರೆಯನ್ನು ಹೇಗೆ ಕಲ್ಪಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ದಾಖಲೆ ಇನ್ನೊಂದಿಲ್ಲ. ಸಾಕ್ಷಿಯನ್ನು ಕರೆದವರು ಅದಕ್ಕೆ ಸಂಬಂಧಿಸಿದ ಪ್ರಶ್ನೆಯನ್ನೇ ಕೇಳಬೇಕು.

ಹಾಗೆ ಕೇಳಿದರೆ ಕಟ್ಟಿದ್ದರ ಜೊತೆಗೆ ಕಟ್ಟದೆ ಬಿಟ್ಟದ್ದೂ ಕಾಣತೊಡಗುತ್ತದೆ. ಮತ್ತೆದ್ದ ಕೋಟೆ ಲಿಥುವೇನಿಯಾ ಎಂಬ ಒಂದು ಜನಾಂಗದ, ಒಂದು ಭಾಷೆಯ ಹೆಮ್ಮೆಯಂತೆ ತೋರುತ್ತದೆ. ಆದರೆ ಇಲ್ಲಿದ್ದ ದಫ್ತರದ ಕಾಗದಗಳು ಬಹುಮಟ್ಟಿಗೆ ಬರೆಯಲ್ಪಟ್ಟದ್ದು ಇಂದಿನ ಬೆಲರೂಸಿಯನ್ ಮತ್ತು ಉಕ್ರೇನಿಯನ್ ಭಾಷೆಗಳಿಗೆ ಹತ್ತಿರದ ರುಥೇನಿಯನ್ ಭಾಷೆಯಲ್ಲಿ. ಲಿಥುವೇನಿಯನ್ ಭಾಷೆಯ ಮೊದಲ ಅಚ್ಚಿನ ಪುಸ್ತಕ ಬಂದದ್ದು 1547ರಲ್ಲಿ, ಅದೂ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಈ ಭಾಷೆ ಸಾಮಾನ್ಯದ್ದೇನಲ್ಲ: ದೇವರಿಗೆ ದಿಯೇವಾಸ್, ಬೆಂಕಿಗೆ ಉಗ್ನಿಸ್, ಮಗನಿಗೆ ಸೂನುಸ್, ಹಲ್ಲಿಗೆ ದಾಂತಿಸ್ ಎನ್ನುತ್ತದೆ, ಸಂಸ್ಕೃತದಿಂದ ಬಂದ ದೇವ, ಅಗ್ನಿ, ಸೂನು, ದಂತ ಗೊತ್ತಿರುವ ಕನ್ನಡಿಗನಿಗೆ ದೂರದ ನೆಂಟರನ್ನು ಸಂತೆಯಲ್ಲಿ ಕಂಡಂತಾಗುತ್ತದೆ. ಅಷ್ಟು ಹಳೆಯ ನುಡಿ ತನ್ನದೇ ದೊರೆಯ ಕಚೇರಿಯ ಹೊಸ್ತಿಲು ದಾಟಿರಲಿಲ್ಲ. ವೀತೌತಾಸ್ ಆಳಿದ ರಾಜ್ಯ ಹಲವು ಧರ್ಮ, ಹಲವು ಭಾಷೆಗಳ ಕೂಟ. ಬೇಕಾದಾಗ ಶತ್ರುವಿನ ಜೊತೆ ಸೇರಿ, ಬೇಡವಾದಾಗ ಬಿಟ್ಟು, ಮತ್ತೆ ಅವರನ್ನೇ ಹೊಡೆದವನು ಅವನು. ಅವನನ್ನು 20ನೇ ಶತಮಾನದ ದೇಶಭಕ್ತನ ಅಚ್ಚಿನಲ್ಲಿ ಎರಕ ಹೊಯ್ಯಲು ಇಟ್ಟಿಗೆಯ ಸಹಾಯ ಬೇಕಾಯಿತು.

ಲಾನ್ವಾ ಕೊಟ್ಟ ಪಟ್ಟಿಗೆ ಈಗ ಬರಬಹುದು. ಅವನು ಕಂಡ ಊರಿನ ಒಂದು ಎಳೆ ಇನ್ನೂ ಇದೆ, ಇನ್ನೊಂದು ಇಲ್ಲ. ಇರುವುದು ಕರಾಯಿಮರು. ವೀತೌತಾಸ್ 1397-98ರ ದಂಡಯಾತ್ರೆಯಲ್ಲಿ ಕ್ರಿಮಿಯಾದ ಕಡೆಯಿಂದ ಕರೆತಂದ ಕುಟುಂಬಗಳ ಸಂತತಿ ತಾವು ಎಂಬುದು ಅವರ ಪರಂಪರೆಯ ಮಾತು. ಅವರ ಭಾಷೆ ತುರ್ಕಿ ಕುಲದ್ದು. ಧರ್ಮಕ್ಕೆ ಹೀಬ್ರೂ ಬೈಬಲ್ಲೊಂದೇ ಆಧಾರ, ಯಹೂದಿ ಪಂಡಿತರ ತಾಲ್ಮುದ್ ಒಪ್ಪಿಲ್ಲ. ಪ್ರಾರ್ಥನಾ ಮಂದಿರಕ್ಕೆ ಕೆನೆಸಾ ಎನ್ನುತ್ತಾರೆ. ಕೋಟೆಯ ದಾರಿ ಕಾಯುವ ಕೆಲಸ ಅವರದಾಗಿತ್ತಂತೆ. 1441ರಲ್ಲಿ ದೊರೆ ಕಾಜಿಮಿರಾಸ್ ಅವರಿಗೆ ಪ್ರತ್ಯೇಕ ಸ್ವಯಮಾಡಳಿತದ ಹಕ್ಕು ಕೊಟ್ಟ. 16ನೇ ಶತಮಾನದಲ್ಲಿ ಇಲ್ಲಿನ ಇಸಾಕ್ ಎಂಬ ಪಂಡಿತ ಕ್ರೈಸ್ತರ ವಾದಗಳಿಗೆ ಹೀಬ್ರೂವಿನಲ್ಲಿ ಬರೆದ ಖಂಡನಗ್ರಂಥ 1681ರಲ್ಲಿ ಲ್ಯಾಟಿನ್ ಅನುವಾದದೊಂದಿಗೆ ಅಚ್ಚಾಗಿ, ಕೊನೆಗೆ ವೋಲ್ಟೇರನ ಮೆಚ್ಚುಗೆಗೂ ಪಾತ್ರವಾಯಿತು. ಸರೋವರದ ಹಳ್ಳಿಯೊಂದರಿಂದ ಪ್ಯಾರಿಸ್ಸಿನವರೆಗೆ ಹೋದದ್ದು ದೊರೆಯ ಕತ್ತಿಯಲ್ಲ, ಈ ಬೀದಿಯವನೊಬ್ಬನ ತರ್ಕ. ಬೀದಿಯ ಕಡೆಗೆ ಮೂರು ಕಿಟಕಿ ಇರುವುದು ಕರಾಯಿಮರ ಮನೆಯ ಗುರುತು. ಒಂದು ದೇವರಿಗೆ, ಒಂದು ಅತಿಥಿಗೆ, ಒಂದು ವೀತೌತಾಸ್‌ಗೆ ಎಂದು ಹೇಳುವುದು ರೂಢಿ. ಕುರಿಮಾಂಸ ತುಂಬಿ ಅರ್ಧಚಂದ್ರದ ಆಕಾರಕ್ಕೆ ಅಂಚು ಹೆಣೆದು ಬೇಯಿಸುವ ಕಿಬಿನಾಯ್ ಇಂದು ಊರಿಗೆಲ್ಲ ಹೆಸರು ತಂದುಕೊಟ್ಟ ತಿಂಡಿ.

ಇದೂ ಪ್ರವಾಸಿಗರಿಗಾಗಿ ಹೊಳಪು ಕೊಟ್ಟ ಕಥೆಯಲ್ಲವೇ, ಕೋಟೆಗೆ ಹಾಕಿದ ಪಟ್ಟನ್ನು ಬೀದಿಗೆ ಯಾಕೆ ಹಾಕುವುದಿಲ್ಲ ಎಂದು ಯಾರಾದರೂ ಕೇಳಿಯಾರು. ಹಾಕಲೇಬೇಕು. ಮೂರು ಕಿಟಕಿಯ ವ್ಯಾಖ್ಯಾನ ಆಮೇಲೆ ಹುಟ್ಟಿಕೊಂಡ ಚೆಂದದ ಮಾತಿರಬಹುದು. ಮನೆಗಳೂ ಹಳೆಯವಲ್ಲ, ಮರದ ಊರು ಮತ್ತೆ ಮತ್ತೆ ಬೆಂಕಿಗೆ ಸಿಕ್ಕಿದ್ದರಿಂದ ನಿಂತಿರುವ ಮನೆಗಳಲ್ಲಿ ಹೆಚ್ಚಿನವು 19ನೇ ಶತಮಾನಕ್ಕೂ ಈಚಿನವು. ವಸ್ತುವಿನ ವಯಸ್ಸನ್ನೇ ಹಿಡಿದರೆ ಕೋಟೆಯ ಬುಡದ ಕಲ್ಲು ಇವುಗಳಿಗಿಂತ ಎಷ್ಟೋ ಹಿರಿದು. ವ್ಯತ್ಯಾಸವಿರುವುದು ಬೇರೆ ಕಡೆ. ಸುಟ್ಟ ಮನೆಯನ್ನು ಅದರಲ್ಲಿ ಇದ್ದವರೇ, ಇರುವುದಕ್ಕಾಗಿಯೇ ಮತ್ತೆ ಕಟ್ಟಿದರು. ಕೋಟೆಯನ್ನು ಮತ್ತೆ ಕಟ್ಟಿದವರಲ್ಲಿ ಅಲ್ಲಿ ವಾಸಿಸುವವರು ಯಾರೂ ಇರಲಿಲ್ಲ. ಒಂದು ಕಡೆ ಮರ ಬದಲಾಗಿ ಮನೆ ಉಳಿಯಿತು; ಇನ್ನೊಂದು ಕಡೆ ಕಲ್ಲು ಉಳಿದು ಮನೆ ಹೋಯಿತು.

ಪಟ್ಟಿಯಲ್ಲಿದ್ದು ಈಗಿಲ್ಲದ ಎಳೆ ತಾಲ್ಮುದ್ ಒಪ್ಪುವ ಯಹೂದಿಗಳದ್ದು. 1939ರ ಜನವರಿಯಲ್ಲಿ ಜರ್ಮನಿಯ ವಂಶಾವಳಿ ಕಚೇರಿಯೊಂದು ಕರಾಯಿಮರನ್ನು ಯಹೂದಿ ಧರ್ಮಸಮುದಾಯವೆಂದು ಎಣಿಸಬೇಕಿಲ್ಲ ಎಂದು ಬರೆದಿತ್ತು. ಒಂದು ಕಚೇರಿಯ ಕಾಗದದಿಂದ ಒಂದು ಬೀದಿ ಉಳಿಯಿತು. ಪಕ್ಕದ ಬೀದಿಗಳವರಿಗೆ ಅಂಥ ಕಾಗದವಿರಲಿಲ್ಲ. ನಾಜಿ ಅಧಿಕಾರಿ ಕಾರ್ಲ್ ಯೇಗರ್ ಮೇಲಿನವರಿಗೆ ಕಳಿಸಿದ ವರದಿಯಲ್ಲಿ 1941ರ ಸೆಪ್ಟೆಂಬರ್ 30ರ ತಾರೀಖಿನ ಎದುರು ತ್ರಾಕಾಯ್ ಎಂದಿದೆ: 366 ಗಂಡಸರು, 483 ಹೆಂಗಸರು, 597 ಮಕ್ಕಳು, ಒಟ್ಟು 1,446. ಗಂಡಸರಿಗಿಂತ ಮಕ್ಕಳ ಸಂಖ್ಯೆ ಎಷ್ಟು ಹೆಚ್ಚು ಎಂಬುದನ್ನು ಓದುಗರು ಗಮನಿಸಬೇಕು. ಸುತ್ತಲ ಊರುಗಳಿಂದ ಒಟ್ಟುಗೂಡಿಸಿ ತಂದವರೂ ಅದರಲ್ಲಿ ಸೇರಿದ್ದರು. ಹತ್ತು ವರ್ಷದ ನಂತರ ಇಟ್ಟಿಗೆ ಹೊತ್ತ ಲಾರಿಗಳು ಅದೇ ಊರಿನೊಳಗೆ ಹಾದು ನಡುಗಡ್ಡೆಯ ಕಡೆಗೆ ಹೋದವು.

ತ್ರಾಕಾಯ್‌ಗೆ ಹೋಗುವವರು ಕೋಟೆಯನ್ನು ನೋಡದೆ ಬರಬೇಕೆಂದು ನಾನು ಹೇಳುತ್ತಿಲ್ಲ. ನೋಡುವಾಗ ಗೋಡೆಯ ಬುಡದಿಂದ ಶುರುಮಾಡಿ ಕಣ್ಣನ್ನು ನಿಧಾನ ಮೇಲಕ್ಕೆ ಒಯ್ಯಲಿ. ಕಾಡುಕಲ್ಲು ಮುಗಿದು ನಯವಾದ ಇಟ್ಟಿಗೆ ತೊಡಗುವ ಕಡೆ 15ನೇ ಶತಮಾನದಿಂದ ಬೊರೊವ್ಸ್ಕಿ, ಕ್ರೂಮಿನಿಸ್‌ರ ಕಾಲಕ್ಕೆ ದಾಟುತ್ತಿದ್ದೇವೆ ಎಂಬ ಎಚ್ಚರವಿರಲಿ. ಆಮೇಲೆ ಸೇತುವೆ ದಾಟಿ ಬಂದು ಕರಾಯಿಮರ ಬೀದಿಯಲ್ಲಿ ಕೋಟೆಗೆ ಕೊಟ್ಟಷ್ಟೇ ಹೊತ್ತು ಕಳೆಯಲಿ. ಕೋಟೆ ಮತ್ತೆ ಬೀಳುವ ಲಕ್ಷಣವಿಲ್ಲ. ಲಿಥುವೇನಿಯಾದ ಜನಗಣತಿಯಲ್ಲಿ ತಮ್ಮನ್ನು ಕರಾಯಿಮರೆಂದು ಬರೆಸಿದವರು 2001ರಲ್ಲಿ 273 ಮಂದಿ, 2011ರಲ್ಲಿ 241.